ದೊಡ್ಡ ಡೈವ್ ವಾಚು: ಕೊಳ್ಳುವ ಮೊದಲು, ಕಟ್ಟಿಕೊಂಡ ಮೇಲೆ

ಕಳೆದ ಆಷಾಢದ ಒಂದು ಸಂಜೆ ನನ್ನ ವಾಚಿನ ಗಾಜಿನ ಒಳಮೈಗೆ ಮಂಜು ಕಟ್ಟಿತು. ಡಯಲ್ ಮೇಲೆ 200 ಮೀಟರ್ ಎಂದು ಬರೆದಿರುವ ದೊಡ್ಡ ಕ್ವಾರ್ಟ್ಸ್ ಡೈವ್ ವಾಚು ಅದು. ಅದನ್ನು ಕಟ್ಟಿಕೊಂಡು ನಾನು ಸಮುದ್ರಕ್ಕೆ ಇಳಿದಿರಲಿಲ್ಲ. ಬಸ್ ನಿಲ್ದಾಣದಿಂದ ಮನೆಗೆ ಮಳೆಯಲ್ಲಿ ನಡೆದು ಬಂದಿದ್ದೆ, ಅಷ್ಟೇ. ಹಿಂದಿನ ತಿಂಗಳು ಪೇಟೆಯ ಅಂಗಡಿಯೊಂದರಲ್ಲಿ ಸೆಲ್ ಹಾಕಿಸಿದ್ದು ನೆನಪಾಯಿತು. ಮಾರನೆಯ ದಿನ ಬೇರೊಬ್ಬ ರಿಪೇರಿಯವರ ಬಳಿ ಹಿಂದಿನ ಮುಚ್ಚಳ ಬಿಚ್ಚಿಸಿದಾಗ ಕಾರಣ ಕಣ್ಣೆದುರೇ ಇತ್ತು. ಒಳಗಿನ ಕಪ್ಪು ರಬ್ಬರ್ ಉಂಗುರ ತನ್ನ ಜಾಗದಿಂದ ಜಾರಿ, ಮುಚ್ಚಳದ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ದಾರದಷ್ಟು ದಪ್ಪದ ರಬ್ಬರು.

ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಪಾತ್ರೆ ಎಷ್ಟೇ ದಪ್ಪವಿರಲಿ, ಗ್ಯಾಸ್ಕೆಟ್ ಒಣಗಿದರೆ ಸೀಟಿ ಕೂಗುವುದಿಲ್ಲ. ವಾಚಿನ 200 ಮೀಟರ್ ಕೂಡ ಹೀಗೆಯೇ ಅದರ ರಬ್ಬರಿನಲ್ಲಿದೆ. ದೊಡ್ಡ ಡೈವ್ ವಾಚು ಕೊಂಡವರು ಅದರ ಬಣ್ಣ, ತೂಕ, ಬ್ರ್ಯಾಂಡಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ; ಈ ಉಂಗುರದ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಲೇಖನ. 44 ಮಿಲಿಮೀಟರ್ ಮತ್ತು ಅದಕ್ಕೂ ದೊಡ್ಡ ವಾಚನ್ನು ಆರಿಸುವುದರಿಂದ ಹಿಡಿದು ಸೆಲ್ ಬದಲಾಯಿಸುವವರೆಗೆ ಏನೇನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಇಷ್ಟು ದೊಡ್ಡದು ಯಾಕೆ?

ನಮ್ಮಪ್ಪನ ಎಚ್‌ಎಂಟಿ ಜನತಾ ಸುಮಾರು 35 ಮಿ.ಮೀ. ಅಗಲದ್ದು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಮೇಲೆ ನಮ್ಮ ಎರಡು ತಲೆಮಾರಿನ ಕಣ್ಣಿಗೆ ಒಗ್ಗಿದ್ದು ಇದೇ ಅಳತೆ. ಅದರ ಪಕ್ಕದಲ್ಲಿ ಇಟ್ಟರೆ ಡೈವ್ ವಾಚು ವಿಪರೀತ ಅನ್ನಿಸುವುದು ಸಹಜ. ಆದರೆ ಅದು ಶೋಕಿಗೆ ದೊಡ್ಡದಾದದ್ದಲ್ಲ. 1930ರ ದಶಕದಲ್ಲಿ ಇಟಲಿಯ ನೌಕಾಪಡೆಗೆ ಪನೆರಾಯ್ ಸಂಸ್ಥೆ ಒದಗಿಸಿದ ವಾಚುಗಳು 47 ಮಿ.ಮೀ. ಇದ್ದವು, ಕತ್ತಲ ನೀರಿನಲ್ಲಿ ಮುಳ್ಳು ಕಾಣಬೇಕಿತ್ತು.

ಕ್ವಾರ್ಟ್ಸ್ ಡೈವ್ ವಾಚಿನ ಮಟ್ಟಿಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ಕಥೆ ಜಪಾನಿನ ಸೈಕೋ ಕಂಪನಿಯದ್ದು. 1968ರಲ್ಲಿ ಹಿರೋಶಿಮಾ ಪ್ರಾಂತ್ಯದ ಡೈವರ್ ಒಬ್ಬರು ಕಂಪನಿಗೆ ಪತ್ರ ಬರೆದು, ಬಹಳ ಆಳದಲ್ಲಿ ದಿನಗಟ್ಟಲೆ ಕೆಲಸ ಮಾಡುವ ತಮ್ಮಂಥವರಿಗೆ ಯಾವ ವಾಚೂ ತಾಳುವುದಿಲ್ಲ ಎಂದು ದೂರಿದರು. ಕಂಪನಿ ಏಳು ವರ್ಷ ಆ ದೂರಿನ ಮೇಲೆ ದುಡಿಯಿತು. 1975ರಲ್ಲಿ 600 ಮೀಟರ್ ತಾಳುವ ವಾಚು ಬಂತು: ಟೈಟಾನಿಯಂ ದೇಹ, ಸುತ್ತ ಪೆಟ್ಟು ತಡೆಯುವ ಹೊರಕವಚ, ಸುಮಾರು 50 ಮಿ.ಮೀ. ಅಗಲ. ಮೀನಿನ ಡಬ್ಬಿಯಂತೆ ಕಂಡದ್ದರಿಂದ ಜನ ಅದನ್ನು ಟ್ಯೂನಾ ಎಂದು ಕರೆದರು. 1978ರಲ್ಲಿ ಅದರೊಳಗೆ ಕ್ವಾರ್ಟ್ಸ್ ಯಂತ್ರ ಕೂತಿತು. ಅಂದರೆ ದೊಡ್ಡ ಕ್ವಾರ್ಟ್ಸ್ ಡೈವ್ ವಾಚು ಎಂಬುದು ಅಗ್ಗದ ಆಟಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಪೂರ್ವಜ ನಿಜವಾಗಿ ನೀರಿನ ತಳದಲ್ಲಿ ದುಡಿದವನು.

ಕ್ವಾರ್ಟ್ಸ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಇಂದಿನ ವಾಚುಗಳೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಲೆಕ್ಕ ಹಿಡಿದೇ ಮುಳ್ಳು ಸೆಕೆಂಡಿಗೊಮ್ಮೆ ಹೆಜ್ಜೆ ಇಡುತ್ತದೆ. ಸಾಮಾನ್ಯ ಕ್ವಾರ್ಟ್ಸ್ ತಿಂಗಳಿಗೆ 15–20 ಸೆಕೆಂಡು ಹಿಂದೆ ಮುಂದೆ ಆಗಬಹುದು. ಕೈಯ ಅಲುಗಾಟದಿಂದಲೇ ಕೀ ಸುತ್ತಿಕೊಳ್ಳುವ ಸಾಮಾನ್ಯ ಆಟೊಮ್ಯಾಟಿಕ್ ವಾಚು ಒಂದೇ ದಿನದಲ್ಲಿ ಅಷ್ಟು ತಪ್ಪಬಹುದು. ಹತ್ತು ದಿನ ಕಪಾಟಿನಲ್ಲಿಟ್ಟು ತೆಗೆದರೂ ಕ್ವಾರ್ಟ್ಸ್ ಸರಿಯಾದ ಹೊತ್ತನ್ನೇ ತೋರಿಸುತ್ತಿರುತ್ತದೆ. ದಿನಬಳಕೆಗೆ ನನ್ನ ಮತ ಅದಕ್ಕೇ.

ಮೊದಲ ಹೆಜ್ಜೆ: ಕೈಯನ್ನು ಅಳೆಯಿರಿ

ಎಲ್ಲರೂ ಕೇಳುವುದು ಡಯಲಿನ ಅಗಲ ಎಷ್ಟು ಎಂದು. ಅದಕ್ಕಿಂತ ಮುಖ್ಯವಾದ ಅಳತೆ ಬೇರೆ ಇದೆ. ಬೆಲ್ಟನ್ನು ಹಿಡಿದುಕೊಳ್ಳಲು ವಾಚಿನ ಮೇಲೆ ಎರಡು, ಕೆಳಗೆ ಎರಡು ಚಾಚು ಇರುತ್ತವಲ್ಲ, ಅವನ್ನು ಲಗ್ ಎನ್ನುತ್ತಾರೆ. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಉದ್ದವೇ ವಾಚು ನಿಮ್ಮ ಕೈಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ಹೇಳುತ್ತದೆ.

ಮನೆಯಲ್ಲೇ ಹೀಗೆ ಮಾಡಿ. ಅಂಗೈ ಕೆಳಗೆ ಮಾಡಿ ಮುಂಗೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಗಂಟುಮೂಳೆಯಿಂದ ಒಂದು ಬೆರಳು ಹಿಂದೆ, ಮೊಣಕೈ ಕಡೆಗೆ, ವಾಚು ಕೂರುವ ಜಾಗದಲ್ಲಿ ಅಡ್ಡಲಾಗಿ ಸ್ಕೇಲ್ ಇಟ್ಟು ಚಪ್ಪಟೆ ಭಾಗದ ಅಗಲ ನೋಡಿ. ಅದು 52 ಮಿ.ಮೀ. ಬಂತೆನ್ನಿ. ಲಗ್ಗಿನಿಂದ ಲಗ್ಗಿಗೆ 52 ಮೀರಿದ ವಾಚು ನಿಮಗೆ ಬೇಡ. 50ರ ಒಳಗಿದ್ದರೆ ಒಳ್ಳೆಯದು. ಲಗ್ಗುಗಳು ಕೈಯ ಅಂಚು ದಾಟಿ ಗಾಳಿಯಲ್ಲಿ ನಿಂತರೆ ಬೆಲ್ಟು ಎಷ್ಟು ಬಿಗಿದರೂ ವಾಚು ಅತ್ತಿತ್ತ ವಾಲುತ್ತಲೇ ಇರುತ್ತದೆ.

ಉದಾಹರಣೆಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಕ್ಯಾಸಿಯೊ ಡ್ಯೂರೊ ತೆಗೆದುಕೊಳ್ಳಿ. ಬಿಲ್ ಗೇಟ್ಸ್ ಕೈಯಲ್ಲಿ ಕಂಡು ಹೆಸರಾದ ವಾಚು ಅದು. ಅಗಲ 44.2, ಲಗ್ಗಿನಿಂದ ಲಗ್ಗಿಗೆ 48.5, ದಪ್ಪ 12.1 ಮಿ.ಮೀ.; ತೂಕ 92 ಗ್ರಾಂ. ಹೆಸರಿಗೆ 44 ಆದರೂ ಸಾಧಾರಣ ಗಾತ್ರದ ಕೈಗಳ ಮೇಲೆ ನೆಟ್ಟಗೆ ಕೂರುತ್ತದೆ. ಟ್ಯೂನಾ ಮಾದರಿಯವು ಇನ್ನೂ ಅಗಲ, ಆದರೆ ಅವುಗಳ ಲಗ್ ಕವಚದ ಅಡಿಯಲ್ಲೇ ಮುಗಿಯುವುದರಿಂದ ಕಂಡಷ್ಟು ದೊಡ್ಡದಾಗಿ ಕೂರುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರು ಮೊದಲು ರಟ್ಟಿನ ಮೇಲೆ ಅದೇ ಅಳತೆಯಲ್ಲಿ ಲಗ್ ಸಮೇತ ವಾಚಿನ ಆಕಾರ ಕತ್ತರಿಸಿ, ಕೈಮೇಲಿಟ್ಟು ಕನ್ನಡಿಯಲ್ಲಿ ನೋಡಿಕೊಳ್ಳಿ. ನೇರವಾಗಿ ಕೈ ನೋಡಿಕೊಂಡಾಗ ವಾಚು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೇರೆಯವರ ಕಣ್ಣಿಗೆ ಹೇಗಿರುತ್ತದೆ ಎಂಬುದು ಕನ್ನಡಿಯಲ್ಲೇ ತಿಳಿಯುವುದು.

ದಪ್ಪದ ಬಗ್ಗೆ ಒಂದು ಮಾತು. ತುಂಬುತೋಳಿನ ಶರ್ಟಿನ ಗುಂಡಿ ಹಾಕುವವರಿಗೆ 13 ಮಿ.ಮೀ. ಮೀರಿದರೆ ಕಿರಿಕಿರಿ. ಅರ್ಧ ತೋಳಿನವರಿಗೆ ಆ ಚಿಂತೆಯಿಲ್ಲ.

ಎರಡನೆಯದು: ಡಯಲ್ ಓದಿ

ವಾಚಿನ ಮೇಲೆ ಬರೀ 'ವಾಟರ್ ರೆಸಿಸ್ಟ್ 200 ಮೀಟರ್' ಎಂದಿದೆಯೋ, 'ಡೈವರ್ಸ್ 200 ಮೀಟರ್' ಎಂದಿದೆಯೋ ನೋಡಿ. 'ಡೈವರ್ಸ್' ಎಂಬ ಪದಕ್ಕೆ ಹಿಂದೆ ಐಎಸ್‌ಒ 6425 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕನಿಷ್ಠ 100 ಮೀಟರ್ ತಾಳಬೇಕು. ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡದಲ್ಲಿ ವಾಚನ್ನು ಪರೀಕ್ಷಿಸಿರಬೇಕು. ಕತ್ತಲಲ್ಲಿ 25 ಸೆಂ.ಮೀ. ದೂರದಿಂದ ಹೊತ್ತು ಓದಲು ಬರಬೇಕು. ವಾಚು ನಿಂತಿಲ್ಲ ಎಂಬುದೂ ಕತ್ತಲಲ್ಲಿ ಗೊತ್ತಾಗಬೇಕು. ಸೆಕೆಂಡಿನ ಮುಳ್ಳಿನ ಮೇಲೆ ಹೊಳೆಯುವ ಚುಕ್ಕೆ ಇರುವುದು ಅದಕ್ಕೇ. ಉಪ್ಪುನೀರು, ಪೆಟ್ಟು, ಅಯಸ್ಕಾಂತ, ಬೆಲ್ಟಿನ ಗಟ್ಟಿತನ ಎಲ್ಲಕ್ಕೂ ಪರೀಕ್ಷೆ ಉಂಟು.

ಮೇಲೆ ಹೇಳಿದ ಡ್ಯೂರೊ ಡಯಲ್ ಮೇಲೆ 'ಡೈವರ್ಸ್' ಎಂಬ ಪದ ಇಲ್ಲ. ಈಜಿಗೆ, ಸ್ನಾರ್ಕೆಲಿಂಗಿಗೆ ಅದು ಧಾರಾಳ ಸಾಕು. ಆದರೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಹವ್ಯಾಸ ನಿಮಗಿದ್ದರೆ ಆ ಪದ ಇರುವ ವಾಚಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ. 30 ಮೀಟರ್ ಎಂದು ಬರೆದ ವಾಚನ್ನು ಕೈತೊಳೆಯುವಾಗಿನ ಹನಿಗಳಿಗಷ್ಟೇ ನಂಬಿ. ಈಜಬೇಕಾದರೆ 100 ಇರಲಿ.

ಈಜುವಾಗ ಕೈ ಬೀಸಿದರೆ ಒತ್ತಡ ಹತ್ತಾರು ಪಟ್ಟು ಏರಿ ನೀರು ನುಗ್ಗುತ್ತದೆ ಎಂದು ಅಂಗಡಿಗಳಲ್ಲೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಹಾಗಾಗುವುದಿಲ್ಲ. ನೀರಿನೊಳಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಹೆಚ್ಚುವ ಒತ್ತಡ ಒಂದೂಕಾಲು ಮೀಟರ್ ಆಳಕ್ಕೆ ಸಮ. ವಾಚನ್ನು ಕೆಡಿಸುವುದು ಹಳೆಯ ರಬ್ಬರು, ಬಿಸಿನೀರು, ಸೋಪು ಮತ್ತು ಸರಿಯಾಗಿ ಮುಚ್ಚದ ಕ್ರೌನ್.

ಮೂರನೆಯದು: ಕ್ರೌನ್ ಅಭ್ಯಾಸ ಮಾಡಿಕೊಳ್ಳಿ

ಮುಳ್ಳು ತಿರುಗಿಸುವ ತಿರುಪನ್ನು ಹಳಬರು ಕೀ ಎನ್ನುತ್ತಾರೆ, ಅಂಗಡಿಯವರು ಕ್ರೌನ್ ಎನ್ನುತ್ತಾರೆ. ಒಳ್ಳೆಯ ಡೈವ್ ವಾಚಿನಲ್ಲಿ ಇದು ಬಾಟಲಿ ಮುಚ್ಚಳದಂತೆ ಮರೆ ತಿರುಗಿಸಿ ಮುಚ್ಚುವಂಥದ್ದು. ಹೊಸ ವಾಚು ಬಂದ ದಿನವೇ ನಾಲ್ಕೈದು ಸಲ ತೆಗೆದು ಮುಚ್ಚಿ ಕೈಗೆ ರೂಢಿ ಮಾಡಿಕೊಳ್ಳಿ. ಮುಚ್ಚುವಾಗ ಮೆಲ್ಲಗೆ ಒಳಗೆ ಒತ್ತಿ, ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಮರೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ ಬಿಗಿ ಮಾಡಿ. ಜೋರು ಬೇಡ, ಬೆರಳ ತುದಿಯ ಬಲ ಸಾಕು. ಅಡ್ಡ ಮರೆ ಹತ್ತಿದ ಕ್ರೌನ್ ಹಾಳಾದರೆ ರಿಪೇರಿ ಖರ್ಚು ಸಣ್ಣದಲ್ಲ.

ಒದ್ದೆ ಕೈಯಲ್ಲಿ ಕ್ರೌನ್ ಮುಟ್ಟಬೇಡಿ. ನೀರಿನೊಳಗಂತೂ ಮುಟ್ಟಲೇಬೇಡಿ. ರಾತ್ರಿ 9ರಿಂದ ಬೆಳಗಿನ ಜಾವದವರೆಗೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಚಕ್ರ ತಾನಾಗಿ ತಿರುಗುವ ಕೆಲಸದಲ್ಲಿರುತ್ತದೆ, ನಡುವೆ ನೀವೂ ತಿರುಗಿಸಿದರೆ ಹಲ್ಲು ಸವೆಯಬಹುದು.

ನಾಲ್ಕನೆಯದು: ಬಳೆಯನ್ನು ಬಳಸಿ

ಗಾಜಿನ ಸುತ್ತ ಟಿಕ್ ಟಿಕ್ ಎಂದು ತಿರುಗುವ ಬಳೆ, ಅಂದರೆ ಬೆಜೆಲ್, ಅಲಂಕಾರಕ್ಕೆ ಇರುವುದು ಎಂದುಕೊಂಡವರೇ ಹೆಚ್ಚು. ಅದು ಈ ವಾಚಿನ ಅತ್ಯುತ್ತಮ ಭಾಗ. ಬಳೆಯ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ನೇರಕ್ಕೆ ತನ್ನಿ. ಎಷ್ಟು ಹೊತ್ತಾಯಿತು ಎಂದು ತಿಳಿಯಬೇಕಾದಾಗ, ಮುಳ್ಳು ಈಗ ಬಳೆಯ ಯಾವ ಅಂಕಿಯ ಎದುರಿದೆ ಎಂದು ನೋಡಿ. ಮುಳ್ಳು 20ನೇ ನಿಮಿಷದಲ್ಲಿದ್ದಾಗ ತ್ರಿಕೋನ ಇಟ್ಟಿರಿ, ಈಗ 45ರಲ್ಲಿದೆ. ಬಳೆ 25 ಎನ್ನುತ್ತದೆ. ಕೂಡಿಸಿ ಕಳೆಯುವ ಕೆಲಸವಿಲ್ಲ.

ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ. ನೀರಿನಲ್ಲಿ ಕಲ್ಲಿಗೆ ತಾಗಿ ಅದು ಜರುಗಿದರೆ, ಕಳೆದ ಹೊತ್ತನ್ನು ಇದ್ದದ್ದಕ್ಕಿಂತ ಹೆಚ್ಚಾಗಿಯೇ ತೋರಿಸಬೇಕು, ಕಡಿಮೆ ತೋರಿಸಬಾರದು. ಹೆಚ್ಚು ತೋರಿಸಿದರೆ ಡೈವರ್ ಬೇಗ ಮೇಲೆ ಬರುತ್ತಾನೆ. ಕಡಿಮೆ ತೋರಿಸಿದರೆ ಸಿಲಿಂಡರಿನ ಗಾಳಿ ಮುಗಿಯುವವರೆಗೆ ಕೆಳಗೇ ಉಳಿದಾನು. ಒಂದು ಜೀವ ಉಳಿಸುವ ವಿಚಾರವನ್ನು ಯಾವ ವಿದ್ಯುತ್ತೂ ಇಲ್ಲದೆ, ಒಂದು ಹಲ್ಲಿನ ಸ್ಪ್ರಿಂಗಿನಲ್ಲಿ ಹಿಡಿದಿಟ್ಟ ಈ ಜಾಣತನ ನನಗೆ ಪ್ರತಿ ಸಲ ಬಳೆ ತಿರುಗಿಸುವಾಗಲೂ ಖುಷಿ ಕೊಡುತ್ತದೆ.

ಸಮುದ್ರ ಬೇಕಿಲ್ಲ. ಇಡ್ಲಿ ಪಾತ್ರೆ ಒಲೆಗೇರಿಸಿದಾಗ, ಗಾಡಿ ನಿಲ್ಲಿಸಿ ಪಾರ್ಕಿಂಗ್ ಚೀಟಿ ಪಡೆದಾಗ, ಮೋಟಾರ್ ಹಾಕಿ ಟ್ಯಾಂಕಿಗೆ ನೀರು ಬಿಟ್ಟಾಗ ತ್ರಿಕೋನ ಇಡಿ. ನಮ್ಮಮ್ಮ ಈಗ ಕಷಾಯ ಒಲೆಗಿಟ್ಟೊಡನೆ "ಮಗಾ, ನಿನ್ನ ಬಳೆ ತಿರುಗಿಸು" ಎನ್ನುತ್ತಾರೆ. ಫೋನ್ ಹುಡುಕುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ದಿನನಿತ್ಯ ಕಟ್ಟುವಾಗ

ದೊಡ್ಡ ವಾಚನ್ನು ಬಳೆಯಂತೆ ಸಡಿಲವಾಗಿ ಬಿಡಬೇಡಿ. ಅದರ ಭಾರಕ್ಕೆ ಅದು ಮಣಿಕಟ್ಟಿನ ಕೆಳಗೆ ಜಾರಿ, ಕ್ರೌನ್ ಅಂಗೈ ಹಿಂಬದಿಗೆ ಚುಚ್ಚಿ ಕಲೆ ಮಾಡುತ್ತದೆ. ಗಂಟುಮೂಳೆಯ ಹಿಂದೆ ಕೂರಿಸಿ, ಬೆಲ್ಟಿನಡಿ ಕಿರುಬೆರಳ ತುದಿ ತೂರುವಷ್ಟು ಬಿಗಿ ಸಾಕು. ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೈ ಕೊಂಚ ಊದುತ್ತದೆ, ಆಗ ಒಂದು ತೂತು ಸಡಿಲಿಸಿ. ಕ್ರೌನ್ ಚುಚ್ಚುವುದೇ ನಿಮ್ಮ ತೊಂದರೆಯಾದರೆ ಕ್ರೌನ್ 4ರ ಅಂಕಿಯ ಹತ್ತಿರ ಇರುವ ಮಾದರಿ ಕೊಳ್ಳಿ. ಸೈಕೋ ಇಂಥವನ್ನು ಬಹುಕಾಲದಿಂದ ಮಾಡುತ್ತಿದೆ.

ಬಂಗಾರದ ಬಳೆ ತೊಡುವವರು ಬಳೆ ಒಂದು ಕೈಗೆ, ವಾಚು ಇನ್ನೊಂದು ಕೈಗೆ ಹಾಕಿಕೊಳ್ಳಿ. ಉಕ್ಕು ಬಂಗಾರಕ್ಕಿಂತ ಗಟ್ಟಿ. ಒಂದೇ ಕೈಯಲ್ಲಿದ್ದರೆ ಸವೆಯುವುದು ಬಳೆ. ಹೆಣ್ಣುಮಕ್ಕಳ ಕೈಗೆ ಈ ವಾಚು ಹೊಂದುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆ ಹೊಂದಿದರೆ ವಾಚೂ ಹೊಂದುತ್ತದೆ.

ಬೆಲ್ಟಿನ ವಿಷಯಕ್ಕೆ ಬಂದರೆ, ಕರಾವಳಿಯಲ್ಲಿರುವವರಿಗೆ ರಬ್ಬರ್ ಅಥವಾ ಸಿಲಿಕೋನ್ ಒಳ್ಳೆಯದು. ಬೆವರಾದರೆ ನಲ್ಲಿಯಡಿ ಹಿಡಿದರೆ ಮುಗಿಯಿತು. ಸ್ಟೀಲ್ ಚೈನು ನೋಡಲು ಚೆಂದ, ಆದರೆ 44 ಮಿ.ಮೀ. ವಾಚಿಗೆ ಸೇರಿದರೆ ಭಾರ ಸುಮಾರು ಇಮ್ಮಡಿಯಾಗುತ್ತದೆ. ಕೊಂಡಿಗಳ ಸಂದಿಯ ಕೊಳೆಯನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ ತೆಗೆಯಬೇಕು. ಒಂದೇ ಉದ್ದನೆಯ ಪಟ್ಟಿಯಾಗಿ ವಾಚಿನ ಅಡಿಯಿಂದ ಹಾಯುವ ನೈಲಾನ್ ಬೆಲ್ಟು ಸಿಗುತ್ತದೆ; ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗಾಗಿ ಗೊತ್ತುಮಾಡಿದ ನಮೂನೆ ಅದು. ಲಗ್ಗಿನ ಒಂದು ಪಿನ್ನು ಮುರಿದರೂ ಇನ್ನೊಂದರ ಬಲದಲ್ಲಿ ವಾಚು ಕೈಯಲ್ಲೇ ಉಳಿಯುತ್ತದೆ. ಬೆವರು ಹೀರಿ ವಾಸನೆ ಹಿಡಿಯುವುದೊಂದೇ ಅದರ ದೋಷ, ವಾರಕ್ಕೊಮ್ಮೆ ಒಗೆಯಿರಿ.

ಬಚ್ಚಲಿಗೆ ಹೋಗುವಾಗ ವಾಚು ಬಿಚ್ಚಿಡಿ. 200 ಮೀಟರ್ ವಾಚಿಗೆ ಬಿಂದಿಗೆ ನೀರು ಯಾವ ಲೆಕ್ಕ ಎನ್ನಬಹುದು. ಆದರೆ ಸಮುದ್ರದ ನೀರಿಗಿಂತ ಹಂಡೆಯ ನೀರು ಬಹಳ ಬಿಸಿ. ಬಿಸಿಗೆ ಲೋಹ, ಗಾಜು, ರಬ್ಬರು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸೋಪು ರಬ್ಬರಿನ ಮೇಲಿನ ಸಿಲಿಕೋನ್ ಗ್ರೀಸನ್ನು ತೊಳೆದು ಹಾಕುತ್ತದೆ. ದೀಪಾವಳಿಯ ಎಣ್ಣೆಸ್ನಾನದ ದಿನವಂತೂ ಹತ್ತಿರ ತರಬೇಡಿ. ಅಯಸ್ಕಾಂತದ ಭಯ ಕ್ವಾರ್ಟ್ಸಿಗೆ ಕಡಿಮೆ: ಸ್ಪೀಕರ್ ಅಥವಾ ಬ್ಯಾಗಿನ ಅಯಸ್ಕಾಂತದ ಗುಂಡಿಯ ಬಳಿ ನಿಂತರೂ ದೂರ ಸರಿಸಿದಾಗ ಮತ್ತೆ ನಡೆಯುತ್ತದೆ, ಹೊತ್ತು ಸರಿಮಾಡಿಕೊಂಡರಾಯಿತು.

ಸಮುದ್ರಕ್ಕೆ ಒಯ್ಯುವುದಾದರೆ

ನಮ್ಮಲ್ಲಿ ಸ್ಕೂಬಾ ಎಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅಲ್ಲಿಗೆ ಜನ ಹೋಗುತ್ತಾರೆ. ಮೊದಲ ಸಲ ಇಳಿಯುವವರನ್ನು ಬೋಧಕರು ಹೆಚ್ಚೆಂದರೆ 12 ಮೀಟರ್‌ವರೆಗೆ ಒಯ್ಯುತ್ತಾರೆ. ಹವ್ಯಾಸಿ ಡೈವಿಂಗಿನ ಕೊನೆಯ ಗಡಿಯೇ 40 ಮೀಟರ್. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ ಎಂದುಕೊಂಡರೆ, ಸುಸ್ಥಿತಿಯಲ್ಲಿರುವ 200 ಮೀಟರ್ ವಾಚಿಗೆ ಇದು ಏನೂ ಅಲ್ಲ.

ಈಗ ಹೆಚ್ಚಿನ ಡೈವರ್‌ಗಳು ಡೈವ್ ಕಂಪ್ಯೂಟರ್ ಕಟ್ಟಿಕೊಂಡೇ ಇಳಿಯುತ್ತಾರೆ. ಅದರ ಬದಲಿಗೆ ವಾಚನ್ನು ನಂಬಿ ಇಳಿಯಬಾರದು. ಜೊತೆಗಿರಲಿ. ದೋಣಿಯಲ್ಲಿ ಕ್ರೌನ್ ಬಿಗಿಯಾಗಿದೆಯೇ ನೋಡಿ, ಡಯಲನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಒಡ್ಡಿ. ಮುಳ್ಳಿನ ಹೊಳಪು ಬೆಳಕು ಕುಡಿದಷ್ಟೇ ಮರಳಿ ಕೊಡುತ್ತದೆ. ಇಳಿಯುವ ಕ್ಷಣ ತ್ರಿಕೋನ ಇಡಿ. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಪದ್ಧತಿಯಿದೆ. ಅದನ್ನು ಎಣಿಸಲು ಸೆಕೆಂಡಿನ ಮುಳ್ಳೇ ಸಾಕು.

ದಡ ಸೇರಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಬರೀ ಅದ್ದಿ ತೆಗೆದರೆ ಸಾಲದು. ನಲ್ಲಿಯಡಿ ಹಿಡಿದು ಬಳೆಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಬಳೆಯಡಿ ಉಳಿದ ಉಪ್ಪು ಒಣಗಿದರೆ ಹರಳುಗಟ್ಟುತ್ತದೆ, ಮರಳಿನ ಕಣ ಸೇರಿದರೆ ಬಳೆ ಅಲುಗಾಡದಂತೆ ಹಿಡಿದುಬಿಡುತ್ತದೆ. ಲಗ್ಗಿನ ಪಿನ್ನುಗಳ ಸುತ್ತಲೂ ನೀರು ಹಾಯಿಸಿ. ವಾಚು ಕಳೆದುಕೊಳ್ಳುವವರಲ್ಲಿ ಹಲವರು ಕಳೆದುಕೊಳ್ಳುವುದು ತುಕ್ಕು ಹಿಡಿದ ಪಿನ್ನಿನಿಂದ.

ಸೆಲ್ ಹಾಕಿಸುವ ದಿನ

ಎರಡು ಮೂರು ವರ್ಷಕ್ಕೊಮ್ಮೆ ಈ ದಿನ ಬರುತ್ತದೆ. ವಾಚಿನ ಆಯುಷ್ಯ ನಿರ್ಧಾರವಾಗುವುದು ಇಲ್ಲೇ. ಸೆಕೆಂಡಿನ ಮುಳ್ಳು ಒಂದೊಂದಾಗಿ ನಡೆಯುವ ಬದಲು ಎರಡೆರಡು ಸೆಕೆಂಡು ಒಟ್ಟಿಗೆ ಜಿಗಿಯಲು ಶುರುಮಾಡಿದರೆ, ಅದು ಹಲವು ಜಪಾನಿ ಕ್ವಾರ್ಟ್ಸ್ ವಾಚುಗಳು ಕೊಡುವ ಮುನ್ಸೂಚನೆ: ಸೆಲ್ ಮುಗಿಯುತ್ತಿದೆ. ಬೆಳಕಿನಿಂದ ಚಾರ್ಜ್ ಆಗುವ ವಾಚಾದರೆ ಮಾಡಬೇಕಾದದ್ದು ಬಿಸಿಲಿಗಿಡುವುದಷ್ಟೇ. ಸೆಲ್ಲಿನ ವಾಚು ನಿಂತ ಮೇಲೆ ತಿಂಗಳುಗಟ್ಟಲೆ ಡ್ರಾಯರಿನಲ್ಲಿಡಬೇಡಿ. ಸತ್ತ ಸೆಲ್ ಸೋರಿ ಒಳಗಿನ ಸುರುಳಿಯನ್ನು ತಿಂದುಹಾಕುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು ಎಂದು ಬರೆದುಕೊಂಡು ಹೋಗಿ. ಸಿಲ್ವರ್ ಆಕ್ಸೈಡ್ ಸೆಲ್ ಹಾಕಲು ಹೇಳಿ. ಅದರ ಹೆಸರು 'ಎಸ್‌ಆರ್' ಎಂದು ಶುರುವಾಗುತ್ತದೆ, 1.55 ವೋಲ್ಟಿನದ್ದು. 'ಎಲ್‌ಆರ್' ಎಂದು ಶುರುವಾಗುವುದು ಅಗ್ಗದ ಆಲ್ಕಲೈನ್. ಬೇಗ ಮುಗಿಯುತ್ತದೆ, ಸೋರುವ ಭಯವೂ ಹೆಚ್ಚು. ಮುಚ್ಚಳದ ರಬ್ಬರ್ ಉಂಗುರ ಹೊಸದು ಹಾಕಬೇಕು, ಅದಕ್ಕೆ ಸಿಲಿಕೋನ್ ಗ್ರೀಸ್ ಸವರಬೇಕು, ಉಂಗುರ ಕೂರುವ ಜಾಗವನ್ನು ಒರೆಸಿ ಚೊಕ್ಕಟ ಮಾಡಬೇಕು. ಅಲ್ಲಿ ಒಂದು ಕೂದಲು ಉಳಿದರೂ ನೀರಿಗೆ ದಾರಿಯಾಗುತ್ತದೆ. ಕೊನೆಗೆ, ಒತ್ತಡ ಪರೀಕ್ಷೆಯ ಯಂತ್ರ ಇದೆಯೇ ಎಂದು ಕೇಳಿ. ಗಾಳಿಯ ಒತ್ತಡದಲ್ಲಿ ವಾಚಿನ ದೇಹ ಎಷ್ಟು ಕುಗ್ಗುತ್ತದೆ ಎಂದು ಅಳೆದು ಸೋರಿಕೆ ಹಿಡಿಯುವ ಯಂತ್ರ ಅದು, ವಾಚನ್ನು ಒದ್ದೆ ಮಾಡುವುದೇ ಇಲ್ಲ. ಇದೆಲ್ಲ ಇಲ್ಲದ ಕಡೆ ಸೆಲ್ ಹಾಕಿಸಿದಿರಾದರೆ, ಉಂಗುರ ಬದಲಾಗುವವರೆಗೆ ಆ ವಾಚನ್ನು ನೀರಿನಿಂದ ದೂರವಿಡಿ. ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡುವ ಹೆಚ್ಚಿನ ದುಡ್ಡು ಸೆಲ್ಲಿನ ಬೆಲೆಯಲ್ಲ, ಈ ಕೆಲಸಗಳ ಕೂಲಿ.

ರಸ್ತೆಬದಿಯ ಪೆಟ್ಟಿಗೆ ಅಂಗಡಿಯವರನ್ನು ನಾನು ಹಳಿಯುವುದಿಲ್ಲ. ನನ್ನ ವಾಚಿನ ಮುಚ್ಚಳ ಬಿಚ್ಚಿ ತಪ್ಪು ತೋರಿಸಿದವರು ಅಂಥದ್ದೇ ಒಂದು ಪೆಟ್ಟಿಗೆಯಲ್ಲಿ ಕೂತ ಹಿರಿಯರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಅಳತೆಗೆ ಸರಿಯಾದ ಉಂಗುರ ಹುಡುಕಿ, ಗ್ರೀಸ್ ಸವರಿ, "ಇವತ್ತು ಕಟ್ಟಬೇಡಿ, ನಾಳೆ ನೋಡಿ" ಎಂದರು.

ಮಂಜು ಕಟ್ಟಿದರೆ

ಬಿಸಿಲಿಗಿಡಬೇಡಿ, ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಹೊರಗಿನ ಅಕ್ಕಿ ಮುಚ್ಚಿದ ವಾಚಿನೊಳಗಿನ ತೇವವನ್ನು ಎಳೆಯಲಾರದು. ಬಿಸಿಲು ಆ ತೇವವನ್ನು ಆವಿ ಮಾಡಿ ಯಂತ್ರದ ಮೂಲೆಮೂಲೆಗೆ ತಲುಪಿಸುತ್ತದೆ. ಅದೇ ದಿನ, ತಪ್ಪಿದರೆ ಮಾರನೆಯ ದಿನ, ಮುಚ್ಚಳ ಬಿಚ್ಚಿಸಿ ಸೆಲ್ ತೆಗೆಸಿ ಒಣಗಿಸಿ. ಉಪ್ಪುನೀರು ಹೊಕ್ಕಿದ್ದರೆ ಒಂದು ರಾತ್ರಿಯೂ ಕಾಯಬೇಡಿ.

ಉಂಗುರ ಬದಲಾಯಿಸಿದ ಮೇಲೆ ಮನೆಯಲ್ಲೊಂದು ಸರಳ ಪರೀಕ್ಷೆ ಮಾಡಬಹುದು. ಒಂದರ್ಧ ಗಂಟೆ ವಾಚು ಕಟ್ಟಿಕೊಂಡು ಮೈಬಿಸಿಗೆ ಬೆಚ್ಚಗಾಗಲು ಬಿಡಿ. ಆಮೇಲೆ ಬಿಚ್ಚಿ, ಗಾಜಿನ ನಡುವೆ ಮಡಕೆಯ ತಣ್ಣೀರಿನ ಒಂದು ಹನಿ ಇಡಿ. ಒಂದು ನಿಮಿಷ ಕಾದು ಒರೆಸಿ, ಆ ಜಾಗದಲ್ಲಿ ಗಾಜಿನ ಒಳಗೆ ಮಬ್ಬು ಮೂಡಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೂಡಿದ್ದರೆ ತೇವ ಇನ್ನೂ ಒಳಗಿದೆ, ವಾಚನ್ನು ಮತ್ತೆ ಅಂಗಡಿಗೆ ಒಯ್ಯಿರಿ. ನನ್ನದರಲ್ಲಿ ಮೂಡಲಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಅದನ್ನು ಕಟ್ಟಿಕೊಂಡೇ ಓಡಾಡಿದೆ.